ರಾಗಿ ಹೊಲದ ಹಲಗೆ

ನಮ್ಮ ಮನೆಯವರಿಗೆ ಯುದ್ಧದ ಹುಚ್ಚು. ಹಾಗೆಂದು ಅವರು ಸೈನ್ಯದಲ್ಲಿದ್ದವರಲ್ಲ. ಬೀದಿಯಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಮೂವತ್ತು ವರ್ಷ ಒಂದು ಖಾಸಗಿ ಕಚೇರಿಯಲ್ಲಿ ಕೂತು ಬಡಾವಣೆಗಳ ನಕ್ಷೆ ಬರೆದವರು. ಅವರ ಯುದ್ಧವೆಲ್ಲ ಭಾನುವಾರ ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ, ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ. ಎದುರಾಳಿ, ರಾಜರಾಜೇಶ್ವರಿನಗರದಿಂದ ಮೆಟ್ರೋ ಹತ್ತಿ ಬರುವ ಅವರ ಹಳೆಯ ಸ್ನೇಹಿತರು. ಹೆಬ್ಬೆರಳಿನ ಎತ್ತರದ ಸೀಸದ ಸೈನಿಕರು, ಒಂದು ಸ್ಕೇಲು, ಎರಡು ದಾಳ, ನಿಯಮಗಳನ್ನು ಬರೆದಿಟ್ಟ ಒಂದು ಉದ್ದನೆಯ ನೋಟ್‌ಬುಕ್ಕು. ಕಾಲಾಳು ಒಂದು ಸರದಿಗೆ ಆರು ಇಂಚು ನಡೆಯಬಹುದು, ಕುದುರೆ ಹನ್ನೆರಡು. ಹೊಳೆ ದಾಟಬೇಕಾದರೆ ಒಂದು ಸರದಿ ಸುಮ್ಮನಿರಬೇಕು. ಪೈರಿನಲ್ಲಿ ಅಡಗಿದವನ ಮೇಲೆ ಗುಂಡು ಹಾರಿಸುವಂತಿಲ್ಲ.

ಆಗ ಹಲಗೆಗಿಲಗೆ ಏನೂ ಇರಲಿಲ್ಲ. ನನ್ನ ಹಸಿರು ಬೆಡ್‌ಶೀಟನ್ನು ಮೇಜಿನ ಮೇಲೆ ಹಾಸಿ, ಅಡಿಯಲ್ಲಿ ನಾಲ್ಕು ದಪ್ಪ ಪುಸ್ತಕ ತುರುಕಿದರೆ ಗುಡ್ಡ. ನೀಲಿ ರವಿಕೆ ಬಟ್ಟೆಯ ಪಟ್ಟಿ ಹೊಳೆ. ಹನ್ನೆರಡೂವರೆಗೆ ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ: "ರೀ, ನಿಮ್ಮ ರಾಜ್ಯ ಎತ್ತಿಡ್ರೀ, ತಟ್ಟೆ ಹಾಕ್ಬೇಕು." ನನಗೆ ಆ ಆಟ ಕಂಡರಾಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ತಲೆ ನೆರೆತ ಇಬ್ಬರು ಗಂಡಸರು ಗೊಂಬೆ ಇಟ್ಟುಕೊಂಡು ಆಡುವುದನ್ನು ನೋಡಿದರೆ ಸಿಟ್ಟು ಬರುತ್ತಿತ್ತು, ನಗು ಬರುತ್ತಿತ್ತು, ಇನ್ನೂ ಏನೋ ಆಗುತ್ತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿಯಿತು. ಲೇಸರ್ ಆಯಿತು, ಕಣ್ಣಿನೊಳಗೇ ಇಂಜೆಕ್ಷನ್ ಆಯಿತು. "ಹೋಗಿರೋದು ವಾಪಸ್ ಬರಲ್ಲಮ್ಮ, ಇರೋದನ್ನ ಉಳಿಸ್ಕೊಳ್ಳೋಣ," ಎಂದರು ಡಾಕ್ಟರು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನ ಒಂದು ಅಂಚಿನಲ್ಲಿ ಚೂರು ಉಳಿದಿತ್ತು. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಕಣೇ," ಎಂದು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅವರೇ ತಮಾಷೆ ಮಾಡಿದರು. ನಾನು ನಗಲಿಲ್ಲ. ಆಮೇಲೆ ಅವರು ಕೆಲಸ ಬಿಟ್ಟರು.

ಬೆಡ್‌ಶೀಟಿನ ಮೇಲಿನ ಕೊನೆಯ ಯುದ್ಧ ನನಗೆ ಚೆನ್ನಾಗಿ ನೆನಪಿದೆ. ಅವರು ತಮ್ಮ ಕುದುರೆ ಸವಾರರನ್ನೆಲ್ಲ ತಂದು ಹೊಳೆಯ ನಟ್ಟನಡುವೆ ನಿಲ್ಲಿಸಿದರು. ಸ್ನೇಹಿತರು ಏನೂ ಹೇಳದೆ ಸುಮ್ಮನೆ ದಾಳ ಉರುಳಿಸಿದರು. ಆ ಸುಮ್ಮನಿರುವಿಕೆಯಲ್ಲೇ ಇವರಿಗೆ ಗೊತ್ತಾಗಿಬಿಟ್ಟಿತು. ಸೈನಿಕರನ್ನು ಒಬ್ಬೊಬ್ಬರನ್ನಾಗಿ ತಡಕಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, "ಸಾಕು," ಎಂದರು. ಅವತ್ತಿನಿಂದ ದಿವಾನದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂರಲು ಶುರು ಮಾಡಿದರು. ಕರೆದರೆ ಹೂಂ, ಬಡಿಸಿದರೆ ಊಟ. ಎರಡು ತಿಂಗಳು ಒಂದು ಪೂರ್ತಿ ವಾಕ್ಯ ಆಡಲಿಲ್ಲ. ಕಣ್ಣಿಗಿಂತ ನನಗೆ ಆ ಮೌನವೇ ಹೆಚ್ಚು ಹೆದರಿಕೆಯಾಗಿತ್ತು. ಈ ಮನುಷ್ಯ ಹೀಗೇ ಗೋಡೆಯೊಳಗೆ ಹೋಗಿಬಿಡುತ್ತಾರೆ, ನಾನು ಹೊರಗೆ ಒಬ್ಬಳೇ ಉಳಿಯುತ್ತೇನೆ ಎನ್ನಿಸುತ್ತಿತ್ತು.

ನಾನು ಬಸವೇಶ್ವರನಗರದ ಒಂದು ಶಾಲೆಯಲ್ಲಿ ಕರಕುಶಲ ಹೇಳಿಕೊಡುವವಳು. ಅದಕ್ಕೂ ಮೊದಲು ನನ್ನ ಅಮ್ಮನ ಕೈಯಾಳು. ನವರಾತ್ರಿಯಲ್ಲಿ ನಮ್ಮ ತವರು ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲಿನ ಮುಂದೆ ನೆಲದ ಮೇಲೆ ಒಂದು ಪಾರ್ಕು ಮಾಡುವುದು ನನ್ನ ಪಾಲಿನ ಕೆಲಸ. ಮುಖ ನೋಡುವ ಕನ್ನಡಿ ಕೆರೆಯಾಗುತ್ತಿತ್ತು, ಬಣ್ಣ ಹಾಕಿದ ಮರದ ಪುಡಿ ಹುಲ್ಲಾಗುತ್ತಿತ್ತು, ರಟ್ಟಿಗೆ ಮೈದಾ ಅಂಟು ಬಳಿದು ರಾಗಿ ಚೆಲ್ಲಿದರೆ ಉತ್ತ ಹೊಲವಾಗುತ್ತಿತ್ತು. ಒಂದು ದಿನ ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ಹೊಳೆಯಿತು: ಕಣ್ಣಿಗೆ ಕಾಣುವ ಪಾರ್ಕು ಮಾಡಿದವಳಿಗೆ ಕೈಗೆ ಕಾಣುವ ಪಾರ್ಕು ಮಾಡಲು ಏನು ರೋಗ?

ಮನೆಗೆ ಬಂದು ಹೇಳಿದೆ. ಗೋಡೆ ನೋಡುತ್ತಲೇ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದೇ ಹಲಗೆ ಮಾಡ್ಬೇಡ ಕಣೇ. ಅಡಿಗೆ ಅಡಿ ತುಂಡು ಮಾಡು. ಹೆಂಗ್ ಬೇಕಾದ್ರೂ ಜೋಡಿಸೋ ಹಾಗಿರ್ಬೇಕು. ಇಲ್ದಿದ್ರೆ ವಾರ ವಾರ ಅದೇ ಊರು, ಅದೇ ಗುಡ್ಡ. ಅದೇನ್ ಯುದ್ಧ?"

ಎರಡು ತಿಂಗಳಲ್ಲಿ ಅದೇ ಮೊದಲನೇ ಮಾತು. ನಾನು ಅಡುಗೆಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಹದಿನಾರು ತುಂಡು ಬೇಕೆಂದರು. ಹನ್ನೆರಡು ಮೇಜಿನ ಮೇಲೆ, ನಾಲ್ಕು ಬದಲಿಗೆ. ಮಾಗಡಿ ರಸ್ತೆಯ ಮರಗೆಲಸದವನ ಹತ್ತಿರ ಉಳಿದ ಪ್ಲೈವುಡ್ಡನ್ನು ಅಡಿಗೆ ಅಡಿ ಕೊಯ್ಯಿಸಿದೆ. "ದೇವರ ಮಂಟಪಕ್ಕಾ ಅಕ್ಕ?" ಎಂದು ಕೇಳಿದ. ಗಂಡನ ಯುದ್ಧಕ್ಕೆ ಎಂದು ಹೇಳಿದರೆ ಏನಾದರೂ ಅಂದುಕೊಂಡಾನೆಂದು, "ಹೂಂಪ್ಪಾ," ಎಂದೆ. ಈ ತುಂಡು ಹಲಗೆಗಳಿಗೆ ಒಂದೇ ಒಂದು ಕಟ್ಟುನಿಟ್ಟು: ಹೊಳೆಯಾಗಲಿ ದಾರಿಯಾಗಲಿ ಪ್ರತಿ ತುಂಡಿನಲ್ಲೂ ಅಂಚಿನ ಸರಿಯಾದ ಮಧ್ಯದಲ್ಲೇ ಹೊರಬೀಳಬೇಕು. ಆಗ ಯಾವುದನ್ನು ಯಾವುದರ ಪಕ್ಕ ಇಟ್ಟರೂ ಹೊಳೆ ಮುಂದುವರಿಯುತ್ತದೆ. ಒಂದು ಕೂದಲೆಳೆ ಆಚೀಚೆಯಾದರೂ ಅವರು ಸ್ಕೇಲಿನ ಅಂಚನ್ನು ಎಡಗಣ್ಣಿಗೆ ಹಿಡಿದು ನೋಡಿ, "ಹೊಳೆ ಗದ್ದೆಗೆ ನುಗ್ತಾ ಇದೆ, ತೆಗಿ," ಎನ್ನುತ್ತಿದ್ದರು. ತೆಗೆದೆ. ಮತ್ತೆ ಅಂಟಿಸಿದೆ. ಶಾಲೆಯ ಮಕ್ಕಳಿಗೆ ನಾನು ಬೈಯುವ ಬೈಗುಳವನ್ನೆಲ್ಲ ಆ ಮೂರು ತಿಂಗಳು ನಾನೇ ಅನ್ನಿಸಿಕೊಂಡೆ.

ಪ್ರತಿಯೊಂದು ನೆಲಕ್ಕೂ ಒಂದೊಂದು ಮೈ ಕೊಟ್ಟೆ. ಗುಡ್ಡಕ್ಕೆ ಥರ್ಮಾಕೋಲನ್ನು ಪದರ ಪದರವಾಗಿ ಕೊಯ್ದು ಅಂಟಿಸಿದೆ. ಹೊಳೆಗೆ ಬಣ್ಣದ ಮೇಲೆ ಮೂರು ಸಲ ವಾರ್ನಿಷ್ ಹೊಡೆದು ಗಾಜಿನ ನುಣುಪು ತಂದೆ. ದಾರಿಗೆ ಸ್ಯಾಂಡ್ ಪೇಪರ್, ತೋಪಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್. ಮುಳ್ಳುಕಾಡಿಗೆ ಕಡ್ಡಿ ಪೊರಕೆಯನ್ನು ಕಾಲಿಂಚಿನ ಚೂರುಗಳಾಗಿ ಓರೆಯಾಗಿ ಕತ್ತರಿಸಿ, ಒಂದೊಂದನ್ನೇ ನೆಟ್ಟಗೆ ಒತ್ತೊತ್ತಾಗಿ ನಿಲ್ಲಿಸಿದೆ. ಅದನ್ನು ಮಾಡುವಾಗ ನನ್ನ ಬೆರಳುಗಳೆಲ್ಲ ಚುಚ್ಚಿಸಿಕೊಂಡು ತೂತಾಗಿದ್ದವು.

ಜಗಳವಾದದ್ದು ರಾಗಿ ಹೊಲದ ವಿಷಯಕ್ಕೆ. ಎರಡು ಹಲಗೆ ಹೊಲ ಬೇಕಿತ್ತು. ಮರಳು ಉದುರಿಸಿ ಬಿಳಿ ಗೋಂದು ಹಾಕು ಎಂದರು ಅವರು. ಮರಳಿಗೂ ರಾಗಿಗೂ ವ್ಯತ್ಯಾಸವಿಲ್ಲವೇ? ರಾಗಿ ಕೈಗೆ ಗುಂಡಗೆ, ತಣ್ಣಗೆ, ಒಂದೇ ಸಮ ಸಿಗುತ್ತದೆ. ಅವರ ಬೆರಳಿಗೆ ಹೊಲ ಎಂದ ಕೂಡಲೇ ಹೊಲವೇ ಸಿಗಬೇಕು ಎಂಬುದು ನನ್ನ ಹಟ. ಬಿಳಿ ಗೋಂದು ಒಣಗಿದರೆ ಕಾಳಿನ ಮೇಲೆ ಪ್ಲಾಸ್ಟಿಕ್ಕಿನ ಪೊರೆಯಾಗುತ್ತದೆ. ಮೈದಾ ಅಂಟೇ ಸರಿ ಎಂದೆ.

"ಹಂಗಾದ್ರೆ ಅಂಟಿಗೆ ಮೈಲುತುತ್ತ ಹಾಕು. ಇಲ್ದಿದ್ರೆ ಹುಳ ಬರತ್ತೆ, ಇಲಿ ಬರತ್ತೆ."

"ಮೈಲುತುತ್ತ ವಿಷ ಕಣ್ರೀ. ವಾರ ವಾರ ಕೈಯಾಡಿಸೋರು ನೀವು. ಅದೇ ಕೈಲಿ ಊಟ ಮಾಡೋರೂ ನೀವು. ನಮ್ಮಮ್ಮನ ಪಾರ್ಕು ಎಷ್ಟು ವರ್ಷ ಬರೀ ಮೈದಾ ಅಂಟಲ್ಲೇ ನಿಂತಿತ್ತು, ಗೊತ್ತಾ?"

ಅಮ್ಮನ ಪಾರ್ಕು ಪ್ರತಿ ವರ್ಷವೂ ನಿಂತದ್ದು ಒಂಬತ್ತೇ ದಿನ ಎನ್ನುವುದನ್ನು ನಾನು ಮರೆತಿದ್ದೆ. ನಮ್ಮ ಮನೆಯ ಕೆಳಗಡೆ ದಿನಸಿ ಅಂಗಡಿ ಇದೆ ಎನ್ನುವುದನ್ನೂ.

ಕೆಲಸ ನಡೆಯುವಷ್ಟು ದಿನವೂ ಅವರು ನನ್ನ ಪಕ್ಕದಲ್ಲೇ ಕೂತಿರುತ್ತಿದ್ದರು. ಮುಗಿದ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣಿನ ಅಂಚಿಗೆ ತಂದು, ಮೂಗು ತಾಗುವಷ್ಟು ಹತ್ತಿರದಿಂದ ಗಂಟೆಗಟ್ಟಲೆ ನೋಡುತ್ತಿದ್ದರು. ಹನ್ನೆರಡನ್ನೂ ಮೇಜಿನ ಮೇಲೆ ತಾವೇ ಜೋಡಿಸಿ, ಸುತ್ತ ನಡೆದು, ಒಂದೊಂದು ಮೂಲೆಯಿಂದಲೂ ಬಗ್ಗಿ ನೋಡುತ್ತಿದ್ದರು. ತಪ್ಪು ಹುಡುಕುತ್ತಿದ್ದಾರೆ ಅಂದುಕೊಂಡೆ. ಹಲಗೆಗಳ ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಎಡಗಣ್ಣೂ ಮುಗಿಯಿತು. ಕಿಟಕಿ ಯಾವ ಕಡೆ ಎಂದು ಗೊತ್ತಾಗುವಷ್ಟು ಬೆಳಕು ಮಾತ್ರ ಉಳಿಯಿತು.

ಸ್ನೇಹಿತರಿಗೆ ಫೋನು ಮಾಡಿ ಬರಹೇಳಿದೆ. ಅವರು ಬಂದು, ಮೇಜಿನ ಮುಂದೆ ಚಪ್ಪಲಿಯನ್ನೂ ಬಿಡದೆ ನಿಂತರು. "ಅತ್ತಿಗೆ, ಏನ್ರೀ ಇದು!" ಎಂದರು. ನಮ್ಮ ಮನೆಯವರು ಕುರ್ಚಿ ಎಳೆದುಕೊಂಡು, "ತಡಿ, ಮೊದ್ಲು ಒಂದ್ ಗಸ್ತು ಹೊಡೀತೀನಿ," ಎಂದು ಎಡ ಮೂಲೆಯಿಂದ ಕೈಯಾಡಿಸಲು ಶುರು ಮಾಡಿದರು. "ಇದು ಗುಡ್ಡ. ಇಲ್ಲಿ ಹೊಳೆ ತಿರುಗ್ತು. ಇದು ದಾರಿ. ಮಾವಿನ ತೋಪು. ಇದು... ಇದು ನಮ್ಮಾಕೆಯ ರಾಗಿ ಹೊಲ." ಒಂದೂ ತಪ್ಪಲಿಲ್ಲ. ಸ್ನೇಹಿತರು ನನ್ನ ಕಡೆ ತಿರುಗಿ ಕೈ ಮುಗಿದರು.

ಆಮೇಲಿನ ಎರಡು ತಿಂಗಳ ಭಾನುವಾರಗಳು ನನ್ನ ಮದುವೆಯಾದಾಗಿನಿಂದ ಬಂದ ಎಲ್ಲ ಭಾನುವಾರಗಳಿಗಿಂತ ಚೆನ್ನಾಗಿದ್ದವು. ಸೈನಿಕರನ್ನು ಸ್ನೇಹಿತರೇ ಎರಡೂ ಕಡೆಗೂ ನಡೆಸುತ್ತಿದ್ದರು, ಇವರು ಬಾಯಲ್ಲಿ ಅಪ್ಪಣೆ ಕೊಡುತ್ತಿದ್ದರು. ದಾಳಕ್ಕೆ ಜಗಳ, ಅರ್ಧ ಇಂಚಿಗೆ ಜಗಳ. "ಮೋಸ ಕಣೋ, ನಿನ್ನ ಕುದುರೆ ಹೊಳೆ ದಾಟಿ ಸುಮ್ನೆ ನಿಂತಿಲ್ಲ!" ಎಂದು ಕೂಗಿದರೆ ಕೆಳಗಿನ ಅಂಗಡಿಗೆ ಕೇಳಿಸುತ್ತಿತ್ತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಗೋಡೆಯೊಳಗೆ ಹೋಗಿದ್ದವರನ್ನು ಎಳೆದು ತಂದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಹೌದು, ಬೀಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ಹೇಗೆ ಬೇಕಾದರೂ ಜೋಡಿಸುವ ಹಾಗಿರಬೇಕು ಎಂದು ಹಟ ಹಿಡಿದಿದ್ದ ಮನುಷ್ಯ, ಒಂದು ಸಲವೂ ಬದಲಾಯಿಸಲು ಬಿಡಲಿಲ್ಲ. "ಈ ಸಲ ಗುಡ್ಡ ಈ ಕಡೆ ಇಡ್ಲಾ?" ಎಂದರೆ, "ಬೇಡ ಬಿಡೇ, ಇದೇ ಚೆನ್ನಾಗಿ ಕೂತಿದೆ." ಬಿಡಿಸಿ ದಿವಾನದ ಅಡಿಗೆ ಇಡುವಾಗಲೂ, ವಾಪಸ್ ಜೋಡಿಸುವಾಗಲೂ, ಹಲಗೆಗಳ ಹಿಂಬದಿಯಲ್ಲಿ ನಾನು ಬರೆದಿದ್ದ ಅಂಕಿಯ ಪ್ರಕಾರವೇ ಇಟ್ಟೆಯಾ ಎಂದು ಎರಡೆರಡು ಸಲ ಕೇಳುತ್ತಿದ್ದರು. ನನ್ನ ಕೆಲಸ ಅಷ್ಟು ಹಿಡಿಸಿದೆ ಅಂದುಕೊಂಡು ನಾನು ಇನ್ನಷ್ಟು ಉಬ್ಬಿದೆ. ಅದೇ ದಿನಗಳಲ್ಲಿ ಅವರು ಕುದಿಯುವ ಕಾಫಿ ಲೋಟವನ್ನು ಹಾಗೇ ಬೆರಳಲ್ಲಿ ಹಿಡಿದು ಕೂರುತ್ತಿದ್ದರು. ನಾನು ಸೆರಗಲ್ಲಿ ಹಿಡಿದು ತಂದ ಲೋಟ ಅದು. "ಏನ್ರೀ, ಕೈಯಾ ಇಕ್ಕಳಾನಾ?" ಎಂದು ಹಾಸ್ಯ ಮಾಡಿದ್ದೆ. ಒಂದೆರಡು ಸಲ ಲೋಟ ಜಾರಿ ಬಿತ್ತು. ಕಣ್ಣು ಕಾಣದ್ದಕ್ಕೆ ಎಂದು ತಿಳಿದು ನೆಲ ಒರೆಸಿದೆ.

ಒಂದು ಭಾನುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಹಲಗೆ ತೆಗೆಯಲು ದಿವಾನದ ಅಡಿ ಕೈ ಹಾಕಿದೆ. ಇಲಿ ಬಂದಿತ್ತು. ಉಳಿದ ಯಾವ ಹಲಗೆಯನ್ನೂ ಮುಟ್ಟಿರಲಿಲ್ಲ, ರಾಗಿಯ ಎರಡನ್ನು ಮಾತ್ರ ಬರೀ ಮರ ಕಾಣುವ ಹಾಗೆ ಕೆರೆದು ತಿಂದಿತ್ತು. ರಾಗಿಯನ್ನೂ ತಿಂದು, ಅದರ ಅಡಿಯ ಅಂಟನ್ನೂ ನೆಕ್ಕಿ ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ. ಸ್ನೇಹಿತರು ಬರುವ ಹೊತ್ತಾಗಿತ್ತು. ಬದಲಿಗೆಂದು ಮಾಡಿದ್ದರಲ್ಲಿ ಬೋಳು ಬಯಲಿನದೊಂದು, ಮುಳ್ಳುಕಾಡಿನದೊಂದು ತೆಗೆದು ರಾಗಿ ಹೊಲದ ಜಾಗದಲ್ಲಿಟ್ಟೆ.

ಹೇಳಿಬಿಡಬಹುದಿತ್ತು. ಆದರೆ ಹೇಗೂ ಕೈಯಿಟ್ಟ ಕೂಡಲೇ ಗೊತ್ತಾಗುತ್ತದೆ, "ಹೇಳಿರ್ಲಿಲ್ವೇನೇ ಇಲಿ ಬರತ್ತೆ ಅಂತ!" ಎಂದು ಸ್ನೇಹಿತರ ಮುಂದೆಯೇ ರೇಗುತ್ತಾರೆ, ನಾನೂ ತಿರುಗಿ ಒಂದು ಮಾತು ಅನ್ನುತ್ತೇನೆ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಆ ರೇಗಾಟಕ್ಕೆ ಕಾಯುತ್ತಿದ್ದೆ. ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಸ್ನೇಹಿತರು ಬಂದರು, ಹಲಗೆ ನೋಡಿದರು, ನನ್ನ ಮುಖ ನೋಡಿದರು. ನಾನು ಸುಮ್ಮನಿರಿ ಎಂದು ಸನ್ನೆ ಮಾಡಿದೆ. ನಮ್ಮ ಮನೆಯವರು ಎಂದಿನಂತೆ ಗಸ್ತು ಶುರು ಮಾಡಿದರು. ಗುಡ್ಡ, ಹೊಳೆಯ ತಿರುವು, ದಾರಿ, ತೋಪು. ಆಮೇಲೆ ಕೈಯನ್ನು ಆ ಪೊರಕೆಕಡ್ಡಿಯ ಮುಳ್ಳುಗಳ ಮೇಲೆ ತಂದು ಊರಿ, ನಿಧಾನವಾಗಿ ಸವರಿದರು.

"ಆಹಾ, ರಾಗಿ. ಈ ಸಲ ಪೈರು ಚೆನ್ನಾಗಿ ಬಂದಿದೆ ಕಣೋ. ನನ್ನ ಇಪ್ಪತ್ತು ಜನ ಇಲ್ಲೇ ಅಡಗಿರ್ತಾರೆ."

ಕೈ ಎತ್ತಿದಾಗ ನಡುಬೆರಳಿನ ತುದಿಯಲ್ಲಿ ಒಂದು ಚುಕ್ಕೆ ರಕ್ತವಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ. ನಗುತ್ತಾ ಕೂತಿದ್ದರು.

ಸ್ನೇಹಿತರ ಕೈಯಲ್ಲಿದ್ದ ದಾಳ ಅಲ್ಲೇ ನಿಂತಿತು. ನನ್ನನ್ನೊಮ್ಮೆ ನೋಡಿ, ಇಪ್ಪತ್ತು ಸೈನಿಕರನ್ನು ಮುಳ್ಳಿನ ಮೇಲೆ ಹೇಗೋ ನಿಲ್ಲಿಸಿದರು. "ಹೂಂ ಗುರು, ರಾಗಿ ಹೊಲದಲ್ಲೇ ಇಟ್ಟೆ," ಎಂದರು. ಆ ದಿನ ಸ್ನೇಹಿತರು ಎರಡೂವರೆ ಗಂಟೆ, ಅಲ್ಲಿಲ್ಲದ ಹೊಲವೊಂದರಲ್ಲಿ ಯುದ್ಧ ಮಾಡಿದರು. ಹೊಲದೊಳಗಿನವರ ಮೇಲೆ ಒಂದು ಸಲವೂ ಗುಂಡು ಹಾರಿಸಲಿಲ್ಲ. ನಮ್ಮ ಮನೆಯವರು ಗೆದ್ದರು.

ಸ್ನೇಹಿತರು ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಏನೂ ಕೇಳ್ಬೇಡಿ ಅತ್ತಿಗೆ," ಎಂದರು. ಅಷ್ಟೇ ಹೇಳಿದ್ದು. ಆ ಮಾತಿಗೆ ನಾನು ಬೆಲೆ ಕೊಡಬೇಕಿತ್ತು. ಆದರೆ ನನ್ನ ನಾಲಿಗೆ ನನ್ನದು. ಒಳಗೆ ಬಂದವಳೇ ನಮ್ಮ ಮನೆಯವರ ಕೈ ಹಿಡಿದು ಆ ಮುಳ್ಳಿನ ಹಲಗೆಯ ಮೇಲೆ ಇಟ್ಟೆ.

"ಇದೇನ್ರೀ?"

"ರಾಗಿ ಹೊಲ."

"ಸರಿಯಾಗಿ ಮುಟ್ಟಿ ಹೇಳಿ."

ಅವರು ಮುಟ್ಟಿ ನೋಡಲಿಲ್ಲ. ಕೈಯನ್ನು ನಿಧಾನವಾಗಿ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. "ಯಾವ್ದಿಟ್ಟಿದೀಯಾ?" ಎಂದರು.

"ಮುಳ್ಳುಕಾಡು. ಇಲಿ ರಾಗಿ ತಿಂತು."

"ಓ."

"ಯಾವಾಗಿಂದ ಹೀಗೆ?"

"ಸಕ್ಕರೆ ಕಾಯಿಲೆ ನೋಡು, ಪಾದದ ಸ್ಪರ್ಶ ಮೊದ್ಲು ಹೋಯ್ತು. ಆಮೇಲೆ ಬೆರಳು. ನೀನು ಹಲಗೆ ಶುರು ಮಾಡೋ ಹೊತ್ತಿಗೇ ಹೋಗಿತ್ತು ಕಣೇ. ಎತ್ತರ ತಗ್ಗು ತಿಳಿಯತ್ತೆ, ಮಿಕ್ಕಿದ್ದೆಲ್ಲ ಒಂದೇ ಥರ. ಕಣ್ಣಿರೋವಾಗ್ಲೇ ನೋಡಿ ಬಾಯಿಪಾಠ ಮಾಡ್ಕೊಂಡೆ. ನಕ್ಷೆ ಬರೆದೋನಲ್ವಾ, ಹನ್ನೆರಡು ಚೌಕ ಏನು ಮಹಾ."

"ಮತ್ಯಾಕ್ರೀ ಹೇಳ್ಲಿಲ್ಲ? ಮೂರು ತಿಂಗಳು ನಾನು ಕೂತು ಕೂತು..."

"ಅದಕ್ಕೇ ಹೇಳ್ಲಿಲ್ಲ," ಎಂದರು. "ಒಂದೊಂದೇ ಕಾಳು ಅಂಟಿಸ್ತಾ ಇದ್ದೆ ನೀನು. ಏನಂತ ಹೇಳ್ಲಿ?"

ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಅಷ್ಟು ಹೊತ್ತೂ ನಾನೊಬ್ಬಳೇ ಅವರಿಗಾಗಿ ಹಲಗೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನಗಾಗಿ ಇಲ್ಲದ ಬೆರಳನ್ನು ಇರುವ ಹಾಗೆ ಮಾಡಿಕೊಂಡು ಕೂತಿದ್ದರು. ಬೈದೆ, ಅತ್ತೆ, ಆ ಬೆರಳಿಗೆ ಅರಿಶಿನ ಹಚ್ಚಿದೆ. ಹಚ್ಚಿದ್ದೂ ಅವರಿಗೆ ಗೊತ್ತಾಗಲಿಲ್ಲ, ವಾಸನೆಯಿಂದ ತಿಳಿದುಕೊಂಡರು.

ಅವತ್ತೇ ಎಲ್ಲ ಮುಗಿಯಿತು. ಮುಂದಿನ ಭಾನುವಾರ ಸ್ನೇಹಿತರು ಬಂದಾಗ ನಮ್ಮ ಮನೆಯವರು, "ಇವತ್ತು ಬೇಡ ಕಣೋ," ಎಂದರು. ಅದರ ಮುಂದಿನ ಭಾನುವಾರವೂ ಬೇಡ. ನಾನು ಎರಡು ಹಲಗೆ ರಾಗಿ ಹೊಲವನ್ನು ಮತ್ತೆ ಮಾಡಿದೆ. ಈ ಸಲ ಮರಳು, ಬಿಳಿ ಗೋಂದು; ಅವರು ಮೊದಲೇ ಹೇಳಿದ್ದ ಹಾಗೆ. ಹನ್ನೆರಡನ್ನೂ ಅಂಕಿಯ ಪ್ರಕಾರ ಜೋಡಿಸಿ, "ನೋಡಿ, ಒಂದೂ ಆಚೀಚೆ ಆಗಿಲ್ಲ, ದೇವರಾಣೆ," ಎಂದೆ.

"ಇರತ್ತೆ, ಗೊತ್ತು. ಆದ್ರೆ ಇಷ್ಟು ದಿನ ಅನುಮಾನ ಇರ್ಲಿಲ್ಲ ನೋಡು. ಒಂದ್ಸಲ ನೆಲ ಬದಲಾಯ್ತು ಅಂದ್ಮೇಲೆ ಆ ನಕ್ಷೆ ಮುಗೀತು. ಕೈಯಿಟ್ಟಾಗೆಲ್ಲಾ, ಇದು ಅದೇನಾ ಅನ್ಸತ್ತೆ."

ಸ್ನೇಹಿತರು ನನಗೆ ಒಂದು ದಿನ ಫೋನಿನಲ್ಲಿ ಹೇಳಿದರು. ಅವರಿಗೆ ಬೆರಳಿನ ವಿಷಯ ಮೂರನೇ ವಾರದಲ್ಲೇ ಗೊತ್ತಾಗಿತ್ತಂತೆ. ಒಂದು ಸಲ ಇವರು ಹೊಳೆ ಎಂದು ಹೇಳಿ ದಾರಿಯ ಮೇಲೆ ಬೆರಳಿಟ್ಟಿದ್ದರಂತೆ. "ನಾನು ಆಟ ಆಡ್ತಾ ಇದ್ದಿದ್ದು ನಿಮ್ಮ ಹಲಗೆ ಮೇಲಲ್ಲ ಅತ್ತಿಗೆ, ಅವನ ತಲೆಯೊಳಗಿರೋ ಹಲಗೆ ಮೇಲೆ," ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಈಗ ತಿಂಗಳಿಗೊಮ್ಮೆ ಬಂದು, ಕಾಫಿ ಕುಡಿದು, ಮೆಟ್ರೋ ಹೊತ್ತಾಯಿತೆಂದು ಹೊರಡುತ್ತಾರೆ.

ಹಲಗೆಗಳನ್ನು ನಾನು ಇನ್ನೂ ಮೇಜಿನ ಮೇಲಿನಿಂದ ತೆಗೆದಿಲ್ಲ. ಊಟ ನೆಲದ ಮೇಲೆಯೇ ಮಾಡುತ್ತೇವೆ. ಅವರು ಮತ್ತೆ ದಿವಾನದ ಮೇಲೆ, ಗೋಡೆ ಕಡೆ ಮುಖ. ಮೊನ್ನೆ ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ, ಎದ್ದು ಬಂದು ಮೇಜಿನ ಮುಂದೆ ಕೂತಿದ್ದರು. ಬಲಗೈ ರಾಗಿ ಹೊಲದ ಮೇಲಿತ್ತು. ಮತ್ತೆ ಆಡುತ್ತಾರೇನೋ ಎಂದು ಆಸೆಯಾಯಿತು. ಸದ್ದು ಮಾಡದೆ ಪಕ್ಕದಲ್ಲಿ ಕೂತು, ಅವರ ಬೆರಳುಗಳ ಮೇಲೆ ನನ್ನ ಬೆರಳುಗಳನ್ನು ಇಟ್ಟೆ. ಹಾಗೇ ಇಟ್ಟುಕೊಂಡು ಕೂತೆ. ಅವರು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯ ಕಡೆ ಮುಖ ತಿರುಗಿಸಿ ಕೂಗಿದರು.

"ಎಲ್ಲಿದೀಯೇ?"

ನಾನು ಕೈ ತೆಗೆದೆ. ಕುರ್ಚಿ ಸದ್ದಾಗದಂತೆ ಎದ್ದು, ಕಾಲ್ಬೆರಳ ತುದಿಯ ಮೇಲೆ ನಡೆದು ಅಡುಗೆಮನೆಗೆ ಹೋಗಿ, ಅಲ್ಲಿಂದ, "ಬಂದೆ ರೀ," ಎಂದೆ.